ಜವೆ ಗೋಧಿ: ಬೆಂಗಳೂರಿನಲ್ಲಿ ಹುಡುಕಿ, ಗುರುತಿಸಿ, ಬೀಸಿಸಿ, ಹುಗ್ಗಿ ಮಾಡುವವರೆಗೆ

ಬೆಂಗಳೂರಿಗೆ ಬಂದ ಮೊದಲ ವರ್ಷ ಹುಗ್ಗಿ, ಅಂದರೆ ನಮ್ಮ ಉತ್ತರ ಕರ್ನಾಟಕದ ಬೆಲ್ಲ ಹಾಕಿದ ಗೋಧಿ ಪಾಯಸ, ತಿನ್ನಬೇಕು ಅನ್ನಿಸಿತು. ಮನೆ ಹತ್ತಿರದ ಕಿರಾಣಿ ಅಂಗಡಿಗೆ ಹೋಗಿ ‘ಜವೆ ಗೋಧಿ ಕೊಡಿ’ ಅಂದೆ. ಅವರು ಅರ್ಧ ಕೇಜಿ ಕಟ್ಟಿ ಕೊಟ್ಟರು. ರಾತ್ರಿ ನೆನೆಸಿ, ಬೆಳಿಗ್ಗೆ ಕುಕ್ಕರಿನಲ್ಲಿ ಕೂಗಿಸಿ, ಬೆಲ್ಲ ಹಾಕಿದೆ. ಬಂದದ್ದು ಲೋಳೆ ಲೋಳೆಯಾದ ಗಂಜಿ. ಅವ್ವನಿಗೆ ಫೋನ್ ಮಾಡಿದೆ. ‘ಕಾಳಿನ ಫೋಟೋ ಕಳಸು’ ಅಂದಳು. ಕಳಿಸಿದೆ. ‘ಅಯ್ಯ, ಇದು ಬಾರ್ಲಿ ಐತಿ. ಜ್ವರ ಬಂದವ್ರಿಗಿ ನೀರ ಕುದಿಸಿ ಕೊಡ್ತಾರಲ್ಲ, ಅದು!’

ಅಂಗಡಿಯವರದ್ದು ತಪ್ಪೇನಲ್ಲ. ಕನ್ನಡದಲ್ಲಿ ಬಾರ್ಲಿಗೂ ಜವೆ ಗೋಧಿ ಎನ್ನುವ ರೂಢಿ ಇದೆ. ‘ಯವ’ ಅಂದರೆ ಬಾರ್ಲಿ, ಅದರಿಂದಲೇ ಜವೆ ಬಂದದ್ದು. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ ಕಡೆ ಜವೆ ಗೋಧಿ ಅಂದರೆ ಬೇರೆಯೇ ಕಾಳು. ಅದು ನಿಜವಾದ ಗೋಧಿ, ತುಂಬಾ ಹಳೆಯ ಗೋಧಿ. ಈ ಬರಹ ಅದರ ಬಗ್ಗೆ. ಈ ಊರಿನಲ್ಲಿ ಅದನ್ನು ಕೊಳ್ಳುವಾಗ, ಬೀಸಿಸುವಾಗ, ಬೇಯಿಸುವಾಗ ನಾನು ಮಾಡಿಕೊಂಡ ಎಡವಟ್ಟುಗಳಿಂದ ಕಲಿತದ್ದನ್ನು ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಹೆಸರು ಸರಿಯಾಗಿ ಕೇಳಿ

ಒಂದೇ ಹೆಸರು ಹೇಳಿದರೆ ಬೆಂಗಳೂರಿನಲ್ಲಿ ಕೆಲಸ ಆಗುವುದಿಲ್ಲ. ಉತ್ತರ ಕರ್ನಾಟಕದವರ ಅಂಗಡಿಯಲ್ಲಿ ಜವೆ, ಜವಿ ಅಥವಾ ಸದಕ ಎಂದು ಕೇಳಿ. ಮಹಾರಾಷ್ಟ್ರದವರು ಇದನ್ನು ಖಪ್ಲಿ ಎನ್ನುತ್ತಾರೆ. ಬೆಂಗಳೂರಿನ ಸಾವಯವ ಅಂಗಡಿಗಳಲ್ಲಿ, ಆನ್‌ಲೈನ್ ಪ್ಯಾಕೆಟ್‌ಗಳ ಮೇಲೆ ಹೆಚ್ಚಾಗಿ ಈ ಹೆಸರೇ ಇರುತ್ತದೆ. ಕೆಲವರು ಎಮ್ಮರ್ ಗೋಧಿ ಎಂದೂ ಬರೆಯುತ್ತಾರೆ. ತಮಿಳರು ಸಾಂಬಾ ಗೋಧಿ ಅನ್ನುತ್ತಾರೆ, ಆದರೆ ಇಲ್ಲಿ ಸ್ವಲ್ಪ ಹುಷಾರು: ಸಾಂಬಾ ರವೆ ಎಂದು ಮಾರುವುದೆಲ್ಲ ಜವೆ ಅಲ್ಲ. ಇಟಲಿಯವರಿಗೆ ಇದು ಫಾರ್ರೋ. ದುಬಾರಿ ಹೋಟೆಲಿನ ಮೆನುವಿನಲ್ಲಿ ಫಾರ್ರೋ ಸಲಾಡ್ ಎಂದು ಕಂಡರೆ ಅದು ನಮ್ಮ ಹುಗ್ಗಿ ಗೋಧಿಯ ನೆಂಟನೇ. ಅದರ ಬೆಲೆ ನೋಡಿದರೆ ಅವ್ವ ನಗುತ್ತಾಳೆ.

ಇದರ ವೈಜ್ಞಾನಿಕ ಹೆಸರು ಟ್ರಿಟಿಕಮ್ ಡೈಕೊಕಮ್. ಅಂಗಡಿಯವರಿಗೆ ಅದನ್ನು ಹೇಳಬೇಡಿ, ಸುಮ್ನೆ ಮುಖ ನೋಡುತ್ತಾರೆ. ಆದರೆ ಪ್ಯಾಕೆಟ್ ಹಿಂದೆ ಅದು ಬರೆದಿದ್ದರೆ ಒಳ್ಳೆಯದು.

ಹಂತ 2: ಹೊಟ್ಟಿನ ವಿಷಯ ಅರ್ಥ ಮಾಡಿಕೊಳ್ಳಿ

ಈ ಹಂತ ಬಿಟ್ಟು ಮುಂದೆ ಹೋಗಬೇಡಿ. ಬೆಲೆ ಯಾಕೆ ಜಾಸ್ತಿ, ಕಾಳಿಗೆ ಹುಳು ಯಾವಾಗ ಬೀಳುತ್ತದೆ, ಬೀಜ ಹೇಗೆ ಬಿತ್ತಬೇಕು, ಎಲ್ಲವೂ ಇಲ್ಲಿಂದಲೇ ಶುರು.

ಸಾಮಾನ್ಯ ಗೋಧಿಯ ತೆನೆಯನ್ನು ಅಂಗೈಯಲ್ಲಿ ಹಾಕಿ ಉಜ್ಜಿದರೆ ಕಾಳು ಬರಿಮೈಯಲ್ಲಿ ಉದುರುತ್ತದೆ, ಹೊಟ್ಟು ಗಾಳಿಗೆ ಹಾರುತ್ತದೆ. ಜವೆ ಗೋಧಿ ಹಾಗಲ್ಲ. ಉಜ್ಜಿದರೆ ತೆನೆಯ ದಂಟೇ ತುಂಡು ತುಂಡಾಗಿ ಮುರಿಯುತ್ತದೆ. ಒಂದೊಂದು ತುಂಡಿನಲ್ಲಿ ಒಂದು ಗಟ್ಟಿ ಗೂಡು, ಗೂಡಿನೊಳಗೆ ಸಾಮಾನ್ಯವಾಗಿ ಎರಡು ಕಾಳು. ಡೈಕೊಕಮ್ ಅಂದರೂ ಎರಡು ಕಾಳು ಎಂದೇ ಅರ್ಥ. ಒಕ್ಕಣೆ ಮಾಡಿ, ತೂರಿ, ರಾಶಿ ಹಾಕಿದ ಮೇಲೂ ಕಾಳು ಗೂಡಿನೊಳಗೇ ಕೂತಿರುತ್ತದೆ. ಭತ್ತ ಮತ್ತು ಅಕ್ಕಿ ನೆನಪಿಸಿಕೊಳ್ಳಿ, ಹೆಚ್ಚು ಕಡಿಮೆ ಅದೇ ಲೆಕ್ಕ. ಭತ್ತದ ಹಾಗೆ ಇದನ್ನೂ ಇನ್ನೊಮ್ಮೆ ಕುಟ್ಟಿಯೋ ಮಿಲ್ಲಿಗೆ ಹಾಕಿಯೋ ಸಿಪ್ಪೆ ಬಿಡಿಸಬೇಕು. ತೂಕದಲ್ಲಿ ಸುಮಾರು ಕಾಲು ಭಾಗ ಹೊಟ್ಟಿಗೇ ಹೋಗುತ್ತದೆ. ಅಂದರೆ ನಾಲ್ಕು ಕೇಜಿ ತಂದರೆ ಕೈಗೆ ಸಿಗುವುದು ಮೂರು ಕೇಜಿ ಕಾಳು. ಅಂಗಡಿಯಲ್ಲಿ ಸಾಮಾನ್ಯ ಗೋಧಿಗಿಂತ ಎರಡು ಮೂರು ಪಟ್ಟು ಬೆಲೆ ಕೇಳುವುದಕ್ಕೆ ಇದೂ ಒಂದು ಕಾರಣ. ಇಳುವರಿ ಕಡಿಮೆ, ಕೆಲಸ ಜಾಸ್ತಿ.

ಹೊಟ್ಟು ಬಿಡದ ಗೋಧಿಗಳು ಮುಖ್ಯವಾಗಿ ಮೂರು. ಐನ್‌ಕಾರ್ನ್ ಎಂಬುದರ ಗೂಡಿನಲ್ಲಿ ಹೆಚ್ಚಾಗಿ ಒಂದೇ ಕಾಳು, ಅದಕ್ಕೆ 14 ವರ್ಣತಂತು (ಕ್ರೋಮೋಸೋಮ್). ನಮ್ಮ ಜವೆಗೆ 28. ಯೂರೋಪಿನ ಸ್ಪೆಲ್ಟ್‌ಗೆ 42. ನಾವು ದಿನಾ ಚಪಾತಿ ಮಾಡುವ ಗೋಧಿಗೂ 42 ಇವೆ, ಆದರೆ ಅದು ಹೊಟ್ಟು ಬಿಡುತ್ತದೆ. ಆ ಚಪಾತಿ ಗೋಧಿ ಹುಟ್ಟಿದ್ದೇ ಜವೆಯ ಕುಟುಂಬದ ಗೋಧಿಯೊಂದು ಕ್ಯಾಸ್ಪಿಯನ್ ಸಮುದ್ರದ ಕಡೆಯ ಒಂದು ಕಾಡುಹುಲ್ಲಿನ ಜೊತೆ ತಾನಾಗಿ ಬೆರೆತಾಗ. ಬನ್ಸಿ ರವೆ ಆಗುವ ಡ್ಯೂರಮ್ ಗೋಧಿಯೂ ಜವೆಯ ವಂಶದ್ದೇ. ಅದಕ್ಕೂ 28 ವರ್ಣತಂತು. ಹೊಟ್ಟು ಬಿಡುವ ಗುಣ ಬಂದ ಮಗ ಅಂದುಕೊಳ್ಳಿ.

ಜವೆಯನ್ನು ಮನುಷ್ಯ ಬಿತ್ತಿ ಬೆಳೆಯಲು ಶುರುಮಾಡಿ ಸುಮಾರು 10,000 ವರ್ಷ ಆಯಿತು. ಈಗಿನ ಟರ್ಕಿ, ಸಿರಿಯಾ, ಇಸ್ರೇಲ್ ಸುತ್ತಿನ ನೆಲದಲ್ಲಿ ಅದು ಮೊದಲು ಹೊಲಕ್ಕೆ ಬಂತು. ಅದರ ಕಾಡು ಪೂರ್ವಜನನ್ನು 1906ರಲ್ಲಿ ಆರನ್ ಆರನ್‌ಸನ್ ಎಂಬ ಸಸ್ಯವಿಜ್ಞಾನಿ ರೋಶ್ ಪಿನಾ ಎಂಬ ಊರಿನ ಹತ್ತಿರ ಗುರುತಿಸಿದರು. ಪ್ರಾಚೀನ ಈಜಿಪ್ಟಿನ ರೊಟ್ಟಿ, ಬಿಯರ್ ಎರಡಕ್ಕೂ ಇದೇ ಕಾಳು. ಗ್ರೀಕರ ಆಳ್ವಿಕೆ ಬಂದ ಮೇಲೆ ಅಲ್ಲಿ ಡ್ಯೂರಮ್ ಇದರ ಜಾಗ ಹಿಡಿಯಿತು. ಹಳೆಯ ಊರುಗಳನ್ನು ಅಗೆಯುವ ಪುರಾತತ್ವದವರಿಗೆ ಈ ಗೂಡಿನ ಬುಡ ದೊಡ್ಡ ಸಾಕ್ಷಿ. ಸುಟ್ಟು ಕರಕಲಾದ ಮೇಲೂ ಅದು ಚಿಕ್ಕ ಕವೆಯ ಆಕಾರದಲ್ಲಿ ಉಳಿಯುತ್ತದೆ. ಅದನ್ನು ನೋಡಿಯೇ ಇಲ್ಲಿ ಹೊಟ್ಟು ಗೋಧಿ ಬೆಳೆದಿದ್ದರು ಎಂದು ಹೇಳುತ್ತಾರೆ.

ಹೊಟ್ಟಿನಿಂದ ತೊಂದರೆ ಅಷ್ಟೇ ಅಲ್ಲ, ಲಾಭವೂ ಇದೆ. ಗೂಡಿನೊಳಗಿನ ಕಾಳಿಗೆ ಹುಳು ಬೇಗ ಹತ್ತುವುದಿಲ್ಲ, ಹಕ್ಕಿಗೂ ಕಷ್ಟ. ಗಿಡವೂ ಗಟ್ಟಿ: ಬಿಸಿಲು ತಡೆಯುತ್ತದೆ, ಶಿಲೀಂಧ್ರದಿಂದ ಬರುವ ತುಕ್ಕು ರೋಗಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಕಾಂಡದ ತುಕ್ಕು ರೋಗದ ತಳಿಗಳನ್ನು ಬೇರ್ಪಡಿಸಿ ಗುರುತಿಸಲು ವಿಜ್ಞಾನಿಗಳು ಬಳಸುತ್ತಿದ್ದ ಗೋಧಿಗಳ ಸಾಲಿನಲ್ಲಿ ಖಪ್ಲಿಯೂ ಒಂದು. ಅದರಿಂದ ತೆಗೆದ ಎಸ್‌ಆರ್13 ಎಂಬ ರೋಗನಿರೋಧಕ ಜೀನ್, ಉಗಾಂಡಾದಲ್ಲಿ ಕಾಣಿಸಿಕೊಂಡು ಜಗತ್ತನ್ನೇ ಹೆದರಿಸಿದ ಯುಜಿ99 ತುಕ್ಕಿಗೂ ಅಡ್ಡ ನಿಲ್ಲುತ್ತದೆ. ಹುಗ್ಗಿಯ ಬಟ್ಟಲು ಕೈಯಲ್ಲಿ ಹಿಡಿದಾಗ ಇದು ನೆನಪಾದರೆ ನನಗೆ ಸ್ವಲ್ಪ ಜಂಬ.

ಹಂತ 3: ಕಾಳನ್ನು ಕಣ್ಣಲ್ಲಿ ಗುರುತಿಸಿ

ಅಂಗಡಿಯಲ್ಲಿ ಹೊಟ್ಟು ತೆಗೆದ ಕಾಳೇ ಸಿಗುವುದು ಜಾಸ್ತಿ. ಒಂದು ಹಿಡಿ ಅಂಗೈಗೆ ಹಾಕಿಕೊಂಡು ಬೆಳಕಿಗೆ ಹೋಗಿ. ಜವೆ ಕಾಳು ಉದ್ದ, ಸಪೂರ. ಎರಡೂ ತುದಿ ಚೂಪು. ಬೆನ್ನು ಸ್ವಲ್ಪ ಗೂನು. ಬಣ್ಣ ಕೆಂಪು ಕಂದು, ಒಳಗೆ ಗಾಜಿನ ಹಾಗೆ ಹೊಳಪು. ಹಲ್ಲಿನಲ್ಲಿ ಕಚ್ಚಿದರೆ ‘ಟಕ್’ ಅಂತ ಒಡೆಯುತ್ತದೆ, ಹಿಟ್ಟಾಗಿ ಪುಡಿಯಾಗುವುದಿಲ್ಲ.

ಚಪಾತಿ ಗೋಧಿ ಗಿಡ್ಡ, ಹೊಟ್ಟೆ ದಪ್ಪ. ಡ್ಯೂರಮ್ ಕೂಡ ಗಟ್ಟಿಯೇ, ಉದ್ದವೂ ಇರುತ್ತದೆ. ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. ಆದರೆ ಡ್ಯೂರಮ್ ಕಾಳು ತುಂಬಿಕೊಂಡಿರುತ್ತದೆ, ಬಣ್ಣ ಜೇನಿನ ಹಳದಿ. ಬಾರ್ಲಿ ಬೆಳ್ಳಗೆ, ನಡುವೆ ದಪ್ಪ ಗೀರು. ಪಾಲಿಶ್ ಮಾಡಿದ್ದರೆ ಗುಂಡಗೆ ಮುತ್ತಿನ ಹಾಗೆ ಇರುತ್ತದೆ. ಈಗ ಇನ್ನೊಂದು ಗೊಂದಲ ಸೇರಿದೆ: ಸೋನಾ ಮೋತಿ, ಪೈಗಂಬರಿ ಎಂದು ಮಾರುವ ಗುಂಡು ಗೋಧಿ. ಅದೂ ಹಳೆಯ ತಳಿಯೇ, ಒಳ್ಳೆಯದೇ. ಆದರೆ ಅದು ಹೊಟ್ಟು ಬಿಡುವ ಗೋಧಿ, ಜವೆಗೂ ಅದಕ್ಕೂ ಸಂಬಂಧ ದೂರ. ಕಾಳು ಗುಂಡಗಿದ್ದರೆ ಅದು ಜವೆ ಅಲ್ಲ, ಅಷ್ಟೇ.

ನನಗೆ ಹೆಚ್ಚು ನಂಬಿಕೆ ಬರುವುದು ಒಂದು ಸಣ್ಣ ಗುರುತಿನಿಂದ. ಅಸಲಿ ಜವೆಯ ಚೀಲದಲ್ಲಿ ನೂರು ಕಾಳಿಗೆ ಒಂದೋ ಎರಡೋ ಹೊಟ್ಟು ಬಿಡದ ಗೂಡು ಇದ್ದೇ ಇರುತ್ತದೆ. ಮಿಲ್ಲು ಎಷ್ಟೇ ಚೆನ್ನಾಗಿದ್ದರೂ ತಪ್ಪಿಸಿಕೊಳ್ಳುತ್ತವೆ. ಕೈಯಾಡಿಸಿದಾಗ ಅಂಥದ್ದೊಂದು ಚುಚ್ಚಿದರೆ ಖುಷಿಪಡಿ. ಹಿಟ್ಟನ್ನು ನೋಡಿ ಮಾತ್ರ ಯಾರಿಗೂ ಗುರುತಿಸಲು ಆಗದು. ಅದಕ್ಕೇ ಮೊದಲ ಸಲ ಹಿಟ್ಟು ಕೊಳ್ಳಬೇಡಿ, ಕಾಳೇ ಕೊಳ್ಳಿ.

ಹಂತ 4: ಎಲ್ಲಿ, ಯಾವಾಗ ಕೊಳ್ಳಬೇಕು

ಜವೆ ಹಿಂಗಾರಿ ಬೆಳೆ. ಅಕ್ಟೋಬರ್, ನವೆಂಬರಿನಲ್ಲಿ ಬಿತ್ತಿ, ಫೆಬ್ರವರಿ, ಮಾರ್ಚಿನಲ್ಲಿ ಕೊಯ್ಯುತ್ತಾರೆ. ಹೊಸ ಕಾಳು ಬೆಂಗಳೂರಿಗೆ ಬರುವುದು ಯುಗಾದಿ ಆಸುಪಾಸಿನಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಕೊಂಡರೆ ಎರಡು ಅನುಕೂಲ: ಕಾಳು ಹೊಸದು, ಮಹಡಿ ಮೇಲೆ ಒಣಗಿಸಲು ಬಿಸಿಲೂ ಚೆನ್ನಾಗಿರುತ್ತದೆ.

ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಮಾರುವ ಉತ್ತರ ಕರ್ನಾಟಕದ ಅಂಗಡಿಗಳು ಈಗ ವಿಜಯನಗರ, ರಾಜಾಜಿನಗರ, ಮಲ್ಲೇಶ್ವರ, ಎಲ್ಲ ಕಡೆ ಇವೆ. ಅಲ್ಲಿ ಕಾಳು ಕಪಾಟಿನಲ್ಲಿ ಇಲ್ಲದಿದ್ದರೂ ಕೇಳಿ. ‘ಮುಂದಿನ ವಾರ ಊರಿಂದ ಬಸ್ಸಿಗೆ ಹಾಕಸ್ತೀನ್ರಿ’ ಅನ್ನುತ್ತಾರೆ, ಹೇಳಿದ ಹಾಗೆ ತರಿಸಿಯೂ ಕೊಡುತ್ತಾರೆ. ನವೆಂಬರಿನಲ್ಲಿ ಜಿಕೆವಿಕೆಯ (ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣ) ಕೃಷಿ ಮೇಳಕ್ಕೆ ಹೋದರೆ ರೈತ ಗುಂಪುಗಳ ಮಳಿಗೆಗಳನ್ನು ಬಿಡದೆ ಸುತ್ತಿ. ಯಶವಂತಪುರದ ಎಪಿಎಂಸಿ ಯಾರ್ಡಿಗೆ ಒಂದೆರಡು ಕೇಜಿಗೆಂದು ಹೋಗುವುದು ನನ್ನ ಪ್ರಕಾರ ದಂಡ. ನಾಲ್ಕಾರು ಮನೆಯವರು ಸೇರಿ ಚೀಲ ತರುವುದಾದರೆ ಮಾತು ಬೇರೆ.

ರೈತರಿಂದ ನೇರ ತರಿಸುವುದಾದರೆ ಎರಡು ಪ್ರಶ್ನೆ ಕೇಳಿ. ಹೊಟ್ಟು ತೆಗೆದದ್ದೋ, ತೆಗೆಯದ್ದೋ? ತಳಿ ಯಾವುದು? ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1025, ಡಿಡಿಕೆ 1029 ಎಂಬ ಗಿಡ್ಡ ತಳಿಗಳು ಈಗ ಬಳಕೆಯಲ್ಲಿವೆ. ಹಳೆಯ ನಾಟಿ ಜವೆ ಎತ್ತರ ಬೆಳೆದು, ಗಾಳಿ ಬಂದರೆ ಮಲಗಿಬಿಡುತ್ತದೆ. ಅದಕ್ಕೇ ಗಿಡ್ಡ ತಳಿ ಬಂದದ್ದು. ರುಚಿಯಲ್ಲಿ ನಾಟಿಯೇ ಮೇಲು ಎಂದು ಅವ್ವ ಹಟ ಹಿಡಿಯುತ್ತಾಳೆ. ಕಣ್ಣು ಮುಚ್ಚಿಸಿ ತಿನ್ನಿಸಿದರೆ ಅವಳೂ ಹೇಳಲಾರಳು ಎಂದು ನನಗೆ ಗುಮಾನಿ.

ಹಂತ 5: ಹೊಟ್ಟಿನ ಸಮೇತ ಬಂದರೆ

ಊರಿಂದ ಯಾರಾದರೂ ಪ್ರೀತಿಯಿಂದ ಹೊಟ್ಟಿನ ಸಮೇತ ಹತ್ತು ಕೇಜಿ ಕಳಿಸಿಬಿಟ್ಟರೆ ಗಾಬರಿ ಬೇಡ. ಮೊದಲು ಬಿತ್ತನೆಗೆ ಒಂದು ಹಿಡಿ ತೆಗೆದಿಡಿ, ಅದರ ವಿಷಯ ಕೊನೆಯಲ್ಲಿ ಹೇಳುತ್ತೇನೆ. ಉಳಿದದ್ದನ್ನು ಒಂದು ದಿನ ಪೂರ್ತಿ ಬಿಸಿಲಿಗೆ ಹಾಕಿ. ಚೆನ್ನಾಗಿ ಒಣಗಿದ ಗೂಡು ಬೇಗ ಬಿಚ್ಚಿಕೊಳ್ಳುತ್ತದೆ.

ಒರಳು ಒನಕೆ ಇದ್ದರೆ ಒಂದು ಸಲಕ್ಕೆ ಅರ್ಧ ಕೇಜಿಯಷ್ಟು ಹಾಕಿ, ಎತ್ತರದಿಂದ ಹೊಡೆಯದೆ ಮೆಲ್ಲಗೆ ಕುಟ್ಟಿ. ಕಾಳು ಕಾಳಿಗೆ ಉಜ್ಜಿಯೇ ಹೊಟ್ಟು ಬಿಡಬೇಕು. ಐದು ನಿಮಿಷಕ್ಕೊಮ್ಮೆ ಮೊರದಲ್ಲಿ ಕೇರಿ, ಬಿಡದ ಗೂಡುಗಳನ್ನು ಮತ್ತೆ ಒರಳಿಗೆ ಹಾಕಿ. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಇದನ್ನು ಮಾಡಬೇಡಿ. ನಾನು ಮಾಡಿದೆ. ಕೆಳಗಿನ ಮನೆಯ ಆಂಟಿ ಮೇಲೆ ಬಂದು, ‘ಏನಪ್ಪಾ, ಗೋಡೆ ಒಡೀತಾ ಇದ್ದೀಯಾ?’ ಅಂತ ಕೇಳಿದರು. ಆಮೇಲೆ ಅವರಿಗೂ ಒಂದು ಬಟ್ಟಲು ಹುಗ್ಗಿ ಕೊಟ್ಟ ಮೇಲೆ ಸರಿಹೋಯಿತು.

ಮಿಕ್ಸಿಯಲ್ಲೂ ಆಗುತ್ತದೆ, ಆದರೆ ನುಚ್ಚು ಜಾಸ್ತಿ ಬೀಳುತ್ತದೆ. ಜಾರಿನ ಕಾಲು ಭಾಗ ಮಾತ್ರ ತುಂಬಿ, ಒಂದೊಂದು ಸೆಕೆಂಡು ತಿರುಗಿಸಿ ನಿಲ್ಲಿಸಿ. ಬಂದ ನುಚ್ಚನ್ನು ಉಪ್ಪಿಟ್ಟಿಗೆ ಬಳಸಿ. ಹತ್ತು ಕೇಜಿಯೇ ಇದ್ದರೆ ಹೊಟ್ಟು ತೆಗೆಯುವ ಯಂತ್ರ ಇರುವ ಊರಿನ ಮಿಲ್ಲಿಗೇ ವಾಪಸ್ ಕಳಿಸುವುದು ಜಾಣತನ. ಬೆಂಗಳೂರಿನ ಬೀದಿ ಹಿಟ್ಟಿನ ಮಿಲ್ಲಿನವರಿಗೆ ಇದು ಆಗದ ಕೆಲಸ. ಹೊಟ್ಟಿನ ಸಮೇತ ಬೀಸಿಬಿಟ್ಟರೆ ಚಪಾತಿಯಲ್ಲಿ ಮುಳ್ಳು ಸಿಗುತ್ತದೆ.

ಹಂತ 6: ಹಸನು ಮಾಡಿ, ಇಟ್ಟುಕೊಳ್ಳಿ

ಕಲ್ಲು, ಕಡ್ಡಿ ಆರಿಸಿ. ಹೊಟ್ಟು ತೆಗೆದ ಮೇಲೆ ಕಾಳಿನ ಕವಚ ಹೋಗಿರುತ್ತದೆ, ಆಮೇಲೆ ಅದು ಬೇರೆ ಗೋಧಿಯಷ್ಟೇ ಬೇಗ ಹುಳುವಿಗೆ ಸಿಗುತ್ತದೆ. ಬೆಂಗಳೂರಿನ ಜೂನ್‌ನಿಂದ ಅಕ್ಟೋಬರ್‌ವರೆಗಿನ ಜಿಟಿಜಿಟಿ ತೇವ ಇದಕ್ಕೆ ದೊಡ್ಡ ಶತ್ರು. ಮಳೆ ಶುರುವಾಗುವ ಮೊದಲೇ ಎರಡು ಬಿಸಿಲು ತೋರಿಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ. ಒಣ ಬೇವಿನ ಎಲೆ, ನಾಲ್ಕು ಒಣ ಮೆಣಸಿನಕಾಯಿ ಹಾಕುವುದು ನಮ್ಮ ಮನೆಯ ಪದ್ಧತಿ. ಫ್ರೀಜರಿನಲ್ಲಿ ಜಾಗ ಇದ್ದರೆ ಎರಡೆರಡು ಕೇಜಿಯಂತೆ ಗಾಳಿಯಾಡದ ಕವರಿನಲ್ಲಿ ನಾಲ್ಕು ದಿನ ಇಟ್ಟು ತೆಗೆಯಿರಿ. ಹುಳುವಿನ ಮೊಟ್ಟೆಗಳು ಸಾಯುತ್ತವೆ. ಹೊರಗೆ ತೆಗೆದ ಮೇಲೆ ಕವರ್ ಬಿಚ್ಚದೆ ಕೋಣೆಯ ಬಿಸಿಗೆ ಬರಲು ಬಿಡಿ, ಇಲ್ಲವಾದರೆ ಕಾಳಿನ ಮೇಲೆ ನೀರು ಕೂರುತ್ತದೆ.

ಹಂತ 7: ಮಿಲ್ಲಿನಲ್ಲಿ

ಗೋಧಿ ಬೀಸುವ ಮಿಷನ್ನಿಗೇ ಹಾಕಿಸಿ. ನಿಮ್ಮ ಮುಂದೆ ಅಕ್ಕಿಯೋ ಕಡಲೆಬೇಳೆಯೋ ಬೀಸಿದ್ದರೆ ಸ್ವಲ್ಪ ಕಾಯಿರಿ, ಯಾರದ್ದಾದರೂ ಗೋಧಿ ಬೀಸಿದ ಮೇಲೆ ಕೊಡಿ. ಕಾಳು ಗಟ್ಟಿ ಇರುವುದರಿಂದ ಹಿಟ್ಟು ಬಿಸಿಯಾಗಿ ಬರುತ್ತದೆ. ಮನೆಗೆ ಬಂದ ಕೂಡಲೇ ಪೇಪರಿನ ಮೇಲೆ ಹರಡಿ ಆರಿಸಿ. ಚಪಾತಿಗೆ ‘ಸಣ್ಣಗೆ’ ಎಂದು ಹೇಳಿ, ಮಾದಲಿಗೆ (ರೊಟ್ಟಿ ಪುಡಿ ಮಾಡಿ ಬೆಲ್ಲ ಬೆರೆಸುವ ಸಿಹಿ) ‘ಸ್ವಲ್ಪ ತರಿತರಿ’ ಎಂದು ಹೇಳಿ. ಎರಡು ಕೇಜಿಗಿಂತ ಜಾಸ್ತಿ ಒಮ್ಮೆಲೇ ಬೀಸಿಸಬೇಡಿ. ಮೊಳಕೆ, ತೌಡು ಎಲ್ಲ ಸೇರಿದ ಹಿಟ್ಟು ಮೂರು ನಾಲ್ಕು ವಾರಕ್ಕೆ ಕಮಟು ವಾಸನೆ ಹೊಡೆಯುತ್ತದೆ.

ಹಂತ 8: ಅಡುಗೆ, ಹುಗ್ಗಿಯಿಂದಲೇ ಶುರುಮಾಡಿ

ಬೆಂಗಳೂರಿನಲ್ಲಿ ಜವೆ ಕೊಳ್ಳುವ ಬಹಳ ಜನ ನೇರ ಚಪಾತಿಗೆ ಹೋಗುತ್ತಾರೆ, ಅಂಚು ಬಿರಿಯಿತು ಎಂದು ಬೇಜಾರಾಗಿ ಬಿಡುತ್ತಾರೆ. ಈ ಕಾಳು ಹುಗ್ಗಿ, ಮಾದಲಿ, ಶ್ಯಾವಿಗೆ, ರವೆಗೆ ಹುಟ್ಟಿದ್ದು. ಚಪಾತಿ ಆಮೇಲೆ.

ಹುಗ್ಗಿಗೆ ಮೊದಲು ಮೇಲಿನ ತೌಡು ತೆಗೆಯಬೇಕು. ಇದು ಹೊರಗಿನ ಹೊಟ್ಟು ಅಲ್ಲ, ಕಾಳಿಗೇ ಅಂಟಿದ ತೆಳು ಸಿಪ್ಪೆ. ಒಂದು ಲೋಟ ಕಾಳಿಗೆ ಎರಡು ಚಮಚ ನೀರು ಚಿಮುಕಿಸಿ, ಕೈಯಲ್ಲಿ ಕಲಸಿ, ಹದಿನೈದು ನಿಮಿಷ ಬಿಡಿ. ಮಿಕ್ಸಿಗೆ ಹಾಕಿ ನಾಲ್ಕೈದು ಸಲ ಒಂದೊಂದು ಸೆಕೆಂಡು ತಿರುಗಿಸಿ. ಸಿಪ್ಪೆ ಬಿಡುತ್ತದೆ, ಕೆಲವು ಕಾಳು ಒಡೆಯುತ್ತವೆ, ಒಡೆಯಲಿ. ತಟ್ಟೆಯಲ್ಲಿ ಹರಡಿ ಒಂದು ಗಂಟೆ ಒಣಗಿಸಿ, ಕೇರಿ. ಅಂಗಡಿಯಲ್ಲಿ ‘ಕುಟ್ಟಿದ ಗೋಧಿ’ ಎಂದೇ ಸಿಕ್ಕರೆ ಈ ಕೆಲಸ ಉಳಿಯಿತು.

ಕುಟ್ಟಿದ ಕಾಳನ್ನು ರಾತ್ರಿ ನೆನೆಸಿ, ಎಂಟು ಗಂಟೆ ಬೇಕು. ಬೆಳಿಗ್ಗೆ ನೀರು ಬಸಿದು, ಒಂದು ಲೋಟ ಕಾಳಿಗೆ ನಾಲ್ಕು ಲೋಟ ಹೊಸ ನೀರು, ಒಂದು ಹಿಡಿ ಕಡಲೆಬೇಳೆ ಹಾಕಿ ಕುಕ್ಕರಿಗೆ ಇಡಿ. ಒಂದು ಸೀಟಿ ಜೋರು ಉರಿಯಲ್ಲಿ, ಆಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತೈದು ನಿಮಿಷ. ಆರಿದ ಮೇಲೆ ಒಂದು ಕಾಳನ್ನು ಬೆರಳಲ್ಲಿ ಹಿಚುಕಿ ನೋಡಿ. ನಡುವೆ ಬಿಳಿ ಗಟ್ಟಿ ಚುಕ್ಕೆ ಉಳಿದಿದ್ದರೆ ಮತ್ತೆ ಹತ್ತು ನಿಮಿಷ ಬೇಯಿಸಿ. ಕಾಳು ಪೂರ್ತಿ ಮೆತ್ತಗಾಗದೆ ಬೆಲ್ಲ ಹಾಕಲೇಬೇಡಿ. ಬೆಲ್ಲ ಬಿದ್ದ ಮೇಲೆ ಕಾಳು ಬೇಯುವುದು ಬಹಳ ನಿಧಾನ. ನನ್ನ ಎರಡನೇ ಹುಗ್ಗಿ ಕೆಟ್ಟದ್ದು ಹೀಗೆಯೇ: ರುಚಿ ಸರಿ, ಆದರೆ ದವಡೆ ನೋವು.

ಬೆಂದ ಕಾಳನ್ನು ಸೌಟಿನ ಹಿಂಬದಿಯಿಂದ ಅರ್ಧದಷ್ಟು ಮಸೆಯಿರಿ. ಒಂದೂಕಾಲು ಲೋಟ ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ ಹಾಕಿ. ಹದಿನೈದು ನಿಮಿಷ ಸಣ್ಣ ಉರಿಯಲ್ಲಿ ಕುದಿಯಲಿ, ತಳ ಹತ್ತದಂತೆ ಕೈಯಾಡಿಸುತ್ತಿರಿ. ಹುರಿದು ಪುಡಿ ಮಾಡಿದ ಗಸಗಸೆ ಒಂದು ಚಮಚ, ತುರಿದ ಒಣ ಕೊಬ್ಬರಿ, ಏಲಕ್ಕಿ, ಚಿಟಿಕೆ ಜಾಜಿಕಾಯಿ, ಒಣಶುಂಠಿ. ಉಪ್ಪು ಚಿಟಿಕೆ. ಒಲೆಯ ಮೇಲೆ ಇರುವಾಗ ಹಾಲು ಹಾಕಬೇಡಿ, ಬೆಲ್ಲಕ್ಕೆ ಒಡೆಯುತ್ತದೆ. ಬಟ್ಟಲಿಗೆ ಬಡಿಸಿದ ಮೇಲೆ ಕಾಯಿಸಿ ಆರಿಸಿದ ಹಾಲು, ಮೇಲೆ ತುಪ್ಪ. ತುಪ್ಪದ ಅಳತೆ ಕೇಳಬೇಡಿ. ನಮ್ಮ ಕಡೆ ಸಾಕು ಅನ್ನುವವರೆಗೆ ಹಾಕುತ್ತಾರೆ, ಸಾಕು ಅಂದ ಮೇಲೆ ಇನ್ನೊಂದು ಚಮಚ.

ಉಪ್ಪಿಟ್ಟು: ಕಾಳನ್ನು ಘಮ ಬರುವ ತನಕ ಹುರಿದು, ಆರಿಸಿ, ದಪ್ಪ ರವೆ ಒಡೆಸಿ. ಒಂದು ಲೋಟ ರವೆಗೆ ಮೂರು ಲೋಟ ನೀರು. ಬನ್ಸಿ ರವೆಗಿಂತ ಐದಾರು ನಿಮಿಷ ಜಾಸ್ತಿ ಮುಚ್ಚಿ ಬೇಯಿಸಿ. ಉದುರುದುರಾಗಿ ಬರುತ್ತದೆ, ತಣ್ಣಗಾದರೂ ಮುದ್ದೆ ಕಟ್ಟುವುದಿಲ್ಲ. ಆಫೀಸ್ ಡಬ್ಬಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಮಾದಲಿಗೆ ತರಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ದಪ್ಪ ರೊಟ್ಟಿ ತಟ್ಟಿ, ಸಣ್ಣ ಉರಿಯಲ್ಲಿ ಒಳಗೂ ಬೇಯುವ ಹಾಗೆ ಸುಟ್ಟು, ಬಿಸಿ ಇರುವಾಗಲೇ ಮುರಿದು ಮಿಕ್ಸಿಯಲ್ಲಿ ಪುಡಿ ಮಾಡಿ. ಬೆಲ್ಲದ ಪುಡಿ, ಪುಟಾಣಿ, ಕೊಬ್ಬರಿ, ಗಸಗಸೆ, ಏಲಕ್ಕಿ ಬೆರೆಸಿದರೆ ಮುಗಿಯಿತು. ನಾಲ್ಕೈದು ದಿನ ಇಟ್ಟು ತಿನ್ನಬಹುದು. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ಮಾದಲಿ ಉಂಡವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ.

ಇನ್ನು ಚಪಾತಿ. ಜವೆಯಲ್ಲಿ ಹಿಟ್ಟನ್ನು ಜಿಗುಟಾಗಿ ಹಿಡಿಯುವ ಗ್ಲುಟೆನ್ ಎಂಬ ಪ್ರೋಟೀನ್ ಇದೆ, ಆದರೆ ಅದರ ಹಿಡಿತ ಕಡಿಮೆ. ಹಿಟ್ಟು ಜಗ್ಗುವುದಿಲ್ಲ, ಹರಿಯುತ್ತದೆ. ಅದಕ್ಕೆ ಮೂರು ಉಪಾಯ ಇವೆ. ಬಿಸಿ ನೀರಿನಲ್ಲಿ ಕಲಸಿ, 250 ಗ್ರಾಂ ಹಿಟ್ಟಿಗೆ ಸುಮಾರು 150 ಮಿಲಿ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ, ಈ ಹಿಟ್ಟು ನೀರು ಕುಡಿಯುವುದು ನಿಧಾನ. ಲಟ್ಟಿಸುವಾಗ ಸ್ವಲ್ಪ ದಪ್ಪವೇ ಇರಲಿ, ಪಾರದರ್ಶಕ ಚಪಾತಿಯ ಆಸೆ ಬಿಡಿ. ಮೊದಲ ತಿಂಗಳು ಮೂರು ಪಾಲು ಜವೆಗೆ ಒಂದು ಪಾಲು ಮಾಮೂಲಿ ಹಿಟ್ಟು ಬೆರೆಸಿಕೊಂಡರೆ ಅವಮಾನ ಏನಿಲ್ಲ. ಓವನ್ನಿನಲ್ಲಿ ಬ್ರೆಡ್ ಮಾಡುವವರು ಮೂರನೇ ಒಂದು ಪಾಲಿಗಿಂತ ಜಾಸ್ತಿ ಜವೆ ಹಾಕಿದರೆ ಇಟ್ಟಿಗೆ ಸಿಗುತ್ತದೆ.

ಹಂತ 9: ಯಾರು ತಿನ್ನಬಾರದು

ಬೆಂಗಳೂರಿನ ಕೆಲವು ಪ್ಯಾಕೆಟ್‌ಗಳ ಮೇಲೆ, ವಾಟ್ಸಾಪ್ ಸಂದೇಶಗಳಲ್ಲಿ ‘ಖಪ್ಲಿಯಲ್ಲಿ ಗ್ಲುಟೆನ್ ಇಲ್ಲ’ ಎಂದು ಬರೆದಿರುತ್ತದೆ. ಅದು ಸುಳ್ಳು. ಸೀಲಿಯಾಕ್ ಕಾಯಿಲೆ (ಗ್ಲುಟೆನ್ ತಿಂದರೆ ಕರುಳಿಗೆ ಪೆಟ್ಟು ಬೀಳುವ ಕಾಯಿಲೆ) ಇರುವವರು, ಗೋಧಿ ಅಲರ್ಜಿ ಇರುವವರು ಇದನ್ನು ಮುಟ್ಟಲೇಬಾರದು. ಹಳೆಯ ಗೋಧಿ ಆದರೂ ಗೋಧಿಯೇ.

ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು ಎಂಬ ಮಾತಿಗೆ ಸ್ವಲ್ಪ ಆಧಾರ ಇದೆ. ನಾರಿನಂಶ ಚೆನ್ನಾಗಿದೆ, ಗಟ್ಟಿ ಕಾಳು ನಿಧಾನವಾಗಿ ಜೀರ್ಣವಾಗುತ್ತದೆ. ಆದರೆ ಅದು ಉಪ್ಪಿಟ್ಟಿಗೋ ಚಪಾತಿಗೋ ಸಲ್ಲುವ ಮಾತು. ಒಂದೂಕಾಲು ಲೋಟ ಬೆಲ್ಲ ಸುರಿದ ಹುಗ್ಗಿಗೆ ಸಲ್ಲುವುದಿಲ್ಲ, ಅಲ್ವಾ? ನಮ್ಮ ಮಾವ ಇದೇ ನೆಪದಲ್ಲಿ ಎರಡು ಬಟ್ಟಲು ಹೊಡೆದು, ಸಂಜೆ ಗ್ಲುಕೋಮೀಟರ್ ನೋಡಿ ಸುಮ್ಮನಾದರು. ತಿಂದು ಎರಡು ಗಂಟೆಗೆ ನೀವೇ ಪರೀಕ್ಷೆ ಮಾಡಿ ನೋಡಿ, ಮಾತ್ರೆಯ ವಿಷಯ ಡಾಕ್ಟರಿಗೇ ಬಿಡಿ.

ಹಂತ 10: ಮಹಡಿಯ ಮೇಲೆ ಒಂದು ಕುಂಡ

ಇದು ಹೊಟ್ಟೆಗಲ್ಲ, ಕುತೂಹಲಕ್ಕೆ. ಮಕ್ಕಳಿದ್ದರೆ ಖಂಡಿತ ಮಾಡಿ. ಆಗ ತೆಗೆದಿಟ್ಟ ಹಿಡಿ ಗೂಡುಗಳು ಇವೆಯಲ್ಲ, ಅವನ್ನು ಹೊಟ್ಟು ತೆಗೆಯದೆ ಹಾಗೇ ಬಿತ್ತಬೇಕು. ಹೊಟ್ಟು ತೆಗೆಯುವಾಗ ಮೊಳಕೆಯ ತುದಿಗೆ ಪೆಟ್ಟು ಬಿದ್ದಿರುತ್ತದೆ, ಅಂಗಡಿಯ ಕಾಳು ಸರಿಯಾಗಿ ಹುಟ್ಟುವುದಿಲ್ಲ.

ನವೆಂಬರ್ ಮೊದಲ ವಾರ ಸರಿಯಾದ ಹೊತ್ತು. ಆಗ ಬೆಂಗಳೂರಿನ ರಾತ್ರಿ ತಂಪಾಗತೊಡಗಿರುತ್ತದೆ, ಗೋಧಿಗೆ ಅದು ಬೇಕು. ಒಂದು ಅಡಿ ಅಗಲದ ಕುಂಡಕ್ಕೆ ಕೆಂಪು ಮಣ್ಣು, ಗೊಬ್ಬರ ಸಮ ಸಮ ಹಾಕಿ, ಎರಡು ಇಂಚು ಆಳದಲ್ಲಿ ಎಂಟು ಗೂಡು ಊರಿ. ಒಂದೇ ಗೂಡಿನಿಂದ ಎರಡು ಮೊಳಕೆ ಬಂದರೆ ಆಶ್ಚರ್ಯ ಬೇಡ. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ ಇರಲಿ. ಎರಡು ಮೂರು ದಿನಕ್ಕೊಮ್ಮೆ ನೀರು ಕೊಡಿ. ಎರಡು ತಿಂಗಳು ಕಳೆದ ಮೇಲೆ ಉದ್ದ ಮೀಸೆಯ ತೆನೆ ಹೊರಬರುತ್ತದೆ. ತೆನೆ ಹಳದಿಗೆ ತಿರುಗಿದಾಗ ನೀರು ನಿಲ್ಲಿಸಿ. ನೂರು ದಿನ ದಾಟಿ, ಫೆಬ್ರವರಿ ಕೊನೆಯ ಹೊತ್ತಿಗೆ ಕೊಯ್ಯಬಹುದು.

ಕಳೆದ ಸಲ ನನ್ನ ಕುಂಡದಲ್ಲಿ ಇಪ್ಪತ್ತಾರು ತೆನೆ ಬಂದವು. ಪಾರಿವಾಳಗಳು ಪಕ್ಕದ ಮೆಂತ್ಯ ಪೂರ್ತಿ ತಿಂದವು, ಇದನ್ನು ಮುಟ್ಟಲಿಲ್ಲ. ಕೆಳಗಿನ ಮನೆಯ ಆಂಟಿಯ ಮೊಮ್ಮಗಳು ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ, ‘ಅಂಕಲ್, ಕಾಳೇ ಬರ್ತಿಲ್ಲ’ ಅಂದಳು. ಅವಳ ಅಂಗೈ ತುಂಬಾ ಪುಟ್ಟ ಗೂಡುಗಳಿದ್ದವು. ಅದರಲ್ಲಿ ಎಂಟನ್ನು ಎಣಿಸಿ ಒಂದು ಪೊಟ್ಟಣ ಕಟ್ಟಿ, ಮೇಲೆ ‘ನವೆಂಬರ್’ ಎಂದು ಬರೆದು ಕೊಟ್ಟೆ.